ವಿಮಾನದ ಉಸಿರು

ಪ್ರಶ್ನೋಪನಿಷತ್ತಿನಲ್ಲಿ ಒಂದು ಕಥೆಯುಂಟು. ವಾಕ್ಕು, ಮನಸ್ಸು, ಕಣ್ಣು, ಕಿವಿ ಮೊದಲಾದುವು ತಾವೇ ಈ ದೇಹವನ್ನು ಧರಿಸಿರುವೆವೆಂದು ಹೆಮ್ಮೆಪಟ್ಟುವು. ಆಗ ಪ್ರಾಣವು ತುಸುವೇ ಮೇಲಕ್ಕೆದ್ದಿತು. ಅರಸನೆದ್ದೊಡನೆ ಜೇನ್ನೊಣಗಳೆಲ್ಲ ಏಳುವಂತೆ ಅವೂ ಏಳಲೇಬೇಕಾಯಿತು. ವಾಯುವನ್ನು ಜೀವೋತ್ತಮನೆಂದು ಹಾಡಿದ ದಾಸರ ನಾಡು ರಾಯಚೂರು ಸೀಮೆ. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರು ನೆಲೆಸಿದ ಮಾನವಿ, ದೇವದುರ್ಗದ ಕಡೆಯ ಗೋಪಾಲದಾಸರ ಮೊಸರಕಲ್ಲು, ಇವೆಲ್ಲ ಇಲ್ಲಿಯವೇ. ಆದುದರಿಂದ ಇಲ್ಲಿಯ ಮಕ್ಕಳಿಗೆ ಪ್ರಾಣದ ಹಿರಿಮೆ ಹೊಸ ಮಾತಲ್ಲ. ಆದರೆ ಅದನ್ನು ಲೋಹದ ಯಂತ್ರವೊಂದರಲ್ಲಿ ಕಣ್ಣಾರೆ ಕಂಡವನು ಮಾನವಿಯ ಒಬ್ಬ ತರುಣ.

ಅವನ ತಂದೆ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವರು. ಭಜನೆಯ ಮಂಡಳಿಗಳವರು ರಾಯಚೂರಿನಿಂದಲೂ ಪೆಟ್ಟಿಗೆ ಹೊತ್ತು ತರುತ್ತಿದ್ದರು. "ಸ್ವರ ಸಣ್ಣಗಾಗ್ಯದ" ಎಂಬುದು ಎಲ್ಲರ ದೂರು. ತಂದೆ ಸ್ವರದ ಪಟ್ಟಿಗೆ ಕೈಹಚ್ಚುತ್ತಿರಲಿಲ್ಲ; ಮೊದಲು ತಿದಿಯನ್ನು ಬಿಚ್ಚಿ ಬೆಳಕಿಗೆ ಹಿಡಿಯುತ್ತಿದ್ದರು. ಇಲಿ ಕಡಿದ ತೂತು ಅಲ್ಲಿ ನಕ್ಷತ್ರದಂತೆ ಹೊಳೆಯುತ್ತಿದ್ದಿತು. "ಜೋರಾಗಿ ಒತ್ತಿದರ ಇವತ್ತಿನ ಭಜನಿ ನಡೀತದ. ಆದರ ತೂತು ದೊಡ್ಡದಾಗ್ತದ" ಎಂದು ಮಗನಿಗೆ ಹೇಳುತ್ತಿದ್ದರು. ತಂದೆ ತೀರಿಕೊಂಡ ಮೇಲೆ ತಾಯಿ ದೇವದುರ್ಗದ ತವರಿಗೆ ಹೋದಳು; ಮಗನು ಓದಿ, ಪರೀಕ್ಷೆಗಳನ್ನು ಮುಗಿಸಿ, ದೂರದ ಊರೊಂದರ ಹಾರಾಟದ ಶಾಲೆಯಲ್ಲಿ ವಿಮಾನಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದನು.

ಅಲ್ಲಿ ಅವನ ಕೈಗೆ ಬಂದುದು ಎರಡು ಎಂಜಿನುಗಳ ಚಿಕ್ಕ ವಿಮಾನ. ಇಂತಹ ವಿಮಾನಗಳಲ್ಲಿ ಹಲವಕ್ಕೆ ದಿಕ್ಕನ್ನೂ ಓಲುವಿಕೆಯನ್ನೂ ತಿಳಿಸುವ ಉಪಕರಣಗಳು ಗಾಳಿಯಿಂದಲೇ ನಡೆಯುತ್ತವೆ. ಅವುಗಳ ಒಡಲಿನಲ್ಲಿ ಒಂದೊಂದು ಬುಗುರಿಯುಂಟು. ತಿರುಗುವ ಬುಗುರಿಯು ತನ್ನ ನಿಲುವನ್ನು ಬಿಡಲೊಲ್ಲದೆಂಬುದನ್ನು ಬೀದಿಯ ಹುಡುಗರೂ ಬಲ್ಲರು. ಎಂಜಿನಿಗೆ ಜೋಡಿಸಿದ ಪಂಪು ಗಾಳಿಯನ್ನು ಹೀರುತ್ತದೆ. ಆ ಗಾಳಿಯು ಶೋಧಕದ ಮೂಲಕ ಒಳಹೊಕ್ಕು ಬುಗುರಿಯ ಅಂಚಿಗೆ ಬಡಿದು ಅದನ್ನು ನಿಮಿಷಕ್ಕೆ 10,000ಕ್ಕೂ ಮಿಕ್ಕಿ ಸುತ್ತಿಸುತ್ತದೆ. ಇದಕ್ಕೆ ಬೇಕಾದ ಸೆಳೆತವು ಪಾದರಸದ ಅಳತೆಯಲ್ಲಿ ಸುಮಾರು 5 ಅಂಗುಲ ಮಾತ್ರ. ಎರಡು ಎಂಜಿನುಗಳಿಗೆ ಎರಡು ಪಂಪುಗಳು. ಒಂದು ನಿಂತರೆ ನಡುವಣ ಕವಾಟವು ಆ ದಾರಿಯನ್ನು ಮುಚ್ಚುತ್ತದೆ. ಮತ್ತೊಂದು ಕೆಲಸವನ್ನು ಸಾಗಿಸುತ್ತದೆ.

ಮೋಡದೊಳಗೆ ಹೊಕ್ಕ ಮನುಷ್ಯನಿಗೆ ಈ ಬುಗುರಿಯೇ ಕಣ್ಣು. ದಿಗಂತ ಕಾಣದಾದಾಗ ಕಿವಿಯೊಳಗಿನ ದ್ರವವು ಸುಳ್ಳು ಹೇಳುತ್ತದೆ; ಓಲಿದವನು ನೆಟ್ಟಗಿರುವೆನೆಂದೇ ನಂಬುತ್ತಾನೆ. 1954ರಲ್ಲಿ ಅಮೇರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣ ನೋಡಿ ಹಾರಲು ಕಲಿಯದ 20 ಮಂದಿಯನ್ನು ಪರೀಕ್ಷಿಸಿದರು. ಅವರು ವಿಮಾನದ ಮೇಲಣ ಹಿಡಿತವನ್ನು ಕಳೆದುಕೊಳ್ಳಲು ಸರಾಸರಿ 178 ಸೆಕೆಂಡುಗಳು ಸಾಕಾದುವು. 2000ನೆಯ ಇಸವಿಯ ಅಕ್ಟೋಬರ್ 16ರ ರಾತ್ರಿ ಮಿಸೌರಿ ರಾಜ್ಯದ ಗವರ್ನರ್ ಮೆಲ್ ಕಾರ್ನಹಾನ್ ಇಂತಹದೇ ಎರಡು ಎಂಜಿನಿನ ಸೆಸ್ನಾ ವಿಮಾನದಲ್ಲಿ ಮಡಿದರು. ಮುಖ್ಯ ದಿಗಂತದರ್ಶಕವು ಕೆಟ್ಟುದೂ ಕೆಟ್ಟ ಹವೆಯೂ ಕೂಡಿ ಚಾಲಕನಿಗೆ ದಿಗ್ಭ್ರಮೆಯಾಯಿತೆಂದು ವಿಚಾರಣೆಯಿಂದ ತಿಳಿದುಬಂದಿತು. ಬುಗುರಿಯು ಗಾಳಿ ನಿಂತೊಡನೆ ಬೀಳುವುದಿಲ್ಲ. ಮೆಲ್ಲಮೆಲ್ಲನೆ ಸೋತು ವಾಲುತ್ತದೆ. ಅಷ್ಟು ಹೊತ್ತೂ ಅದು ಸತ್ಯವನ್ನೇ ಹೇಳುತ್ತಿರುವಂತೆ ತೋರುವುದೇ ಅದರ ಅಪಾಯ.

ಒಂದು ಮಳೆಗಾಲದ ಬೆಳಗ್ಗೆ ತರುಣನು ಆ ವಿಮಾನವನ್ನು ನೆಲದ ಮೇಲೆಯೇ ನಡೆಸಿ ನೋಡಿದನು. ಎರಡು ಎಂಜಿನುಗಳೂ ತಿರುಗುವಾಗ ಮುಳ್ಳು 5ರ ಮೇಲೆಯೇ ನಿಂತಿದ್ದಿತು. ಬಲಗಡೆಯದನ್ನು ನಿಲ್ಲಿಸಿದನು; ಮುಳ್ಳು ಕದಲಲಿಲ್ಲ. ಅದನ್ನು ಮತ್ತೆ ನಡೆಸಿ ಎಡಗಡೆಯದನ್ನು ನಿಲ್ಲಿಸಿದನು. ಮುಳ್ಳು 4ಕ್ಕಿಂತ ಕೆಳಗಿಳಿಯಿತು.

ಹಿರಿಯ ಅಧಿಕಾರಿಗಳು ನೋಡಿ, "ಆಕಾಶದಲ್ಲಿ ಎರಡೂ ಕೂಡಿಯೇ ನಡೆಯುತ್ತವಲ್ಲ? ಮುಳ್ಳು ಹಸಿರು ಗೆರೆಯಲ್ಲಿದೆ. ಹುಡುಗರು ಹಾರಾಟಕ್ಕೆ ಕಾದಿದ್ದಾರೆ, ರುಜು ಹಾಕಿರಿ" ಎಂದರು. ತರುಣನು ವಿನಯದಿಂದಲೇ, "ಸರ್, ಒಂದರ ಮೇಲೆಯೇ ನಡೆಯಲಾರದಿದ್ದರೆ ಎರಡನೆಯದು ಇದ್ದೂ ಇಲ್ಲದಂತೆ. ಒಂದೇ ಪಂಪಿನ ವಿಮಾನವನ್ನು ಎರಡು ಪಂಪಿನದೆಂದು ಬರೆದುಕೊಟ್ಟಂತಾಗುತ್ತದೆ" ಎಂದನು. ಮತ್ತೊಬ್ಬನು ಸೆಳೆತವನ್ನು ಹೊಂದಿಸುವ ತಿರುಪನ್ನು ತುಸು ಬಿಗಿಮಾಡೆಂದು ಸೂಚಿಸಿದನು. ಅದು ಜೋರಾಗಿ ತಿದಿ ಒತ್ತುವ ಉಪಾಯವೇ. ಶೋಧಕವು ಕಟ್ಟಿರುವಾಗ ತಿರುಪನ್ನು ಬಿಗಿದು, ಮುಂದೆ ಯಾರಾದರೂ ಹೊಸ ಶೋಧಕ ಹಾಕಿದರೆ, ಸೆಳೆತವು ಮಿತಿಮೀರಿ ಉಪಕರಣಗಳೇ ಕೆಡುವುವು.

ಅವನು ಮೊದಲು ಶೋಧಕವನ್ನು ತೆಗೆದನು. ರಾಯಚೂರಿನ ಹತ್ತಿಯ ಗಿರಣಿಗಳ ಕಿಟಕಿಯಂತೆ ಅದು ಧೂಳುಗಟ್ಟಿದ್ದಿತು. ಹೊಸದನ್ನು ಹಾಕಿದರೂ ಬಲಗಡೆಯ ಪಂಪು ಒಂಟಿಯಾಗಿ ಸೋಲುತ್ತಲೇ ಇದ್ದಿತು. ಶೋಧಕವು ಎರಡಕ್ಕೂ ಸಾಮಾನ್ಯ. ಎಡಗಡೆಯದು ಒಂದೇ ಸಾಗಿಸುವುದರಿಂದ ಉಪಕರಣಗಳಲ್ಲಿ ದೋಷವಿಲ್ಲ. ಆದುದರಿಂದ ತಪ್ಪು ಬಲಗಡೆಯ ಪಂಪಿನಲ್ಲಿ ಇಲ್ಲವೆ ಅದರಿಂದ ಕೂಡುಗೊಳವೆಯವರೆಗಿನ ದಾರಿಯಲ್ಲಿ ಇರಲೇಬೇಕು. ಅವನು ರಬ್ಬರಿನ ಕೊಳವೆಯನ್ನು ಬಿಚ್ಚಿ, ತಂದೆ ತಿದಿಯನ್ನು ಹಿಡಿಯುತ್ತಿದ್ದಂತೆ, ಬೆಳಕಿಗೆ ಹಿಡಿದನು. ಹೊರಗೆ ನೋಡಲು ಚೆನ್ನಾಗಿದ್ದ ಕೊಳವೆಯ ಒಳಪದರವು ಎಂಜಿನಿನ ಬಿಸಿಗೆ ಗಡುಸಾಗಿ, ಎದ್ದು, ನಾಲಗೆಯಂತೆ ದಾರಿಯನ್ನು ಅಡ್ಡಗಟ್ಟಿದ್ದಿತು. ಹೊಸ ಕೊಳವೆಯನ್ನು ಜೋಡಿಸುವಾಗ ತಿರುಪುಗಳಿಗೆ ಅಂಟನ್ನಾಗಲಿ ಎಣ್ಣೆಯನ್ನಾಗಲಿ ಸವರಲಿಲ್ಲ. ಈ ಪಂಪಿನ ರೆಕ್ಕೆಗಳು ಇಂಗಾಲದವು. ತಮ್ಮ ಪುಡಿಯಿಂದಲೇ ನುಣುಪು ಪಡೆಯತಕ್ಕವು. ಅಂಟಿನ ಒಂದು ಚೂರು ಒಳಹೊಕ್ಕರೂ ಮುರಿಯಬಲ್ಲವು. ಸಂಜೆಯ ಹೊತ್ತಿಗೆ ಬಲಗಡೆಯ ಪಂಪೊಂದೇ ಮುಳ್ಳನ್ನು 5ರಲ್ಲಿ ನಿಲ್ಲಿಸಿತು. ಆಗ ರುಜು ಹಾಕಿದನು.

ಒಂದು ದಿನದ ಹಾರಾಟ ತಪ್ಪಿತು. ಅವನಿಗೆ ಛೀಮಾರಿಯೂ ಆಯಿತು. ಮರುದಿನ ವಿಮಾನವು ಏರಿತು, ಇಳಿಯಿತು, ವಿಶೇಷವೇನೂ ನಡೆಯಲಿಲ್ಲ. ಅವನು ಮಾಡಿದುದು ಸರಿಯೆಂದು ತೋರಿಸುವ ಸಾಕ್ಷಿ ಎಂದಿಗೂ ದೊರೆಯದು. ಕಾಯುವವನ ಕೆಲಸವೆಲ್ಲ ಹೀಗೆಯೇ: ಅದರ ಫಲವೆಂದರೆ ನಡೆಯದೆ ಉಳಿದ ಸಂಗತಿ, ನಡೆಯದುದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲು ಬಾರದು. ಉಸಿರು ಸರಾಗವಾಗಿರುವವರೆಗೆ ಅದನ್ನು ನೆನೆಯುವವರಾರು?

ಆ ರಾತ್ರಿ ದೇವದುರ್ಗದಿಂದ ತಾಯಿ ಫೋನಿನಲ್ಲಿ, "ಇವತ್ತೇನು ಕೆಲಸ ಮಾಡಿದ್ಯೋ ಅಪ್ಪಾ?" ಎಂದು ಕೇಳಿದಳು.

"ಒಂದು ಕೊಳವಿ ಬದಲಿ ಮಾಡಿದೆ ಅವ್ವ."

"ಅಷ್ಟಕ್ಕ ಇಡೀ ದಿನ ಹಿಡೀತೇನು?"

"ಹೌದವ್ವ. ಮೊದಲು ಅದನ್ನ ಬೆಳಕಿಗೆ ಹಿಡೀಬೇಕಾಗಿತ್ತು."

ತಾಯಿ ಕ್ಷಣಹೊತ್ತು ಸುಮ್ಮನಿದ್ದಳು. ಬಳಿಕ, "ನಿಮ್ಮಪ್ಪನೂ ಹಂಗಽ ಮಾಡ್ತಿದ್ದ" ಎಂದಳು.