ಜಾಲರಿ ಹಿಡಿದ ಸಂತ

ಉಡುಪಿ

ಪ್ರೀತಿಯ ಅಕ್ಕಾ,

ಊಟಕ್ಕೆ ಕೊರತೆಯಿಲ್ಲ ಅಂತ ಅಮ್ಮನಿಗೆ ಹೇಳಿಬಿಡು.

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಬಣ್ಣದ ಗಾಜು ನೋಡಿದ ಮೇಲೆ, ಕರಾವಳಿಯಲ್ಲೂ ಇಂಥವು ಇವೆಯಾ ಅಂತ ಕೇಳಿದ್ದೆಯಲ್ಲ. ಇಲ್ಲಿ ಗಾಜಿಗಿಂತ ಮರದ್ದೇ ದರ್ಬಾರು ಕಣೇ. ಈ ಕಡೆಯ ಕೊಂಕಣಿ ಕ್ರೈಸ್ತರ ಹಿರೀಕರು ಗೋವೆಯಿಂದ ಬಂದವರು. ಕೆತ್ತನೆಯ ಪೀಠ, ಗೂಡುಗಳಲ್ಲಿ ಸಂತರ ಪ್ರತಿಮೆ ಅವರ ಜೊತೆಗೇ ಬಂದವು. ಗಾಜಿನಲ್ಲಿ ಕಥೆ ಹೇಳುವುದು ಬಿಸಿಲಿಗೆ ಬಾಯಿಬಿಡುವ ಫ್ರಾನ್ಸ್, ಜರ್ಮನಿಯವರ ಪದ್ಧತಿ. ಇಲ್ಲಿಯ ಆಟಿ ತಿಂಗಳ ಮಳೆಗೆ ಕೆಂಪುಕಲ್ಲಿನ ದಪ್ಪ ಗೋಡೆ, ಇಳಿಬಿಟ್ಟ ಮಾಡೇ ಸರಿ.

ಹೊಸ ಇಗರ್ಜಿಗಳಲ್ಲಿ ಈಗ ಗಾಜೂ ಬಂದಿದೆ. ಒಂದು ಕಡೆ ಕಿಟಕಿಯಲ್ಲಿ ಹೆಜ್ಜಾರ್ಲೆ! ಕೊಕ್ಕರೆಬೆಳ್ಳೂರಿನ ನಮ್ಮ ಹೆಜ್ಜಾರ್ಲೆಯ ಜಾತಿಯದೇ. ಎದೆಯನ್ನು ತಾನೇ ಕುಕ್ಕಿಕೊಂಡು ಮರಿಗಳಿಗೆ ರಕ್ತ ಕುಡಿಸುತ್ತದೆಂಬ ಹಳೆಯ ನಂಬಿಕೆ. ಅದರಿಂದ ಅದು ಕ್ರಿಸ್ತನ ಗುರುತಾಯಿತು. ಹಕ್ಕಿ ಮಾಡುವುದು ಚೀಲದ ಮೀನನ್ನು ಮರಿಗಳಿಗೆ ತಿನ್ನಿಸುವುದಷ್ಟೇ. ಹತ್ತಿರ ಹೋದೆ: ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಕೂರಿಸಿದ್ದಲ್ಲ, ಒಂದೇ ಹಾಳೆ, ಮೇಲೆ ಅಂಟಿಸಿದ ಬಣ್ಣದ ಪ್ಲಾಸ್ಟಿಕ್. ಮೂಲೆಯೊಂದು ಎದ್ದು ಬಂದಿತ್ತು. ನನಗೆ ಸ್ವಲ್ಪ ಬೇಜಾರಾಯಿತು. ಆದರೆ ಮೂರೂವರೆಯ ಬಿಸಿಲಿಗೆ ಆ ರಕ್ತದ ಹನಿಗಳು ಬೆಂಚಿನ ಮೇಲೆ ಬಿದ್ದದ್ದು ಮಾತ್ರ ಅಪ್ಪಟ ಕೆಂಪು.

ಮನಸ್ಸು ನಿಂತದ್ದು ಕಾರ್ಕಳದ ಹತ್ತಿರದ ಅತ್ತೂರಿನಲ್ಲಿ. ಅಲ್ಲಿಯದು 1759ರಿಂದ ಬಂದ ಸಂತ ಲಾರೆನ್ಸರ ಇಗರ್ಜಿ; 2016ರಲ್ಲಿ ಬಸಿಲಿಕಾ ಪದವಿ ಸಿಕ್ಕಿತು. ಲಾರೆನ್ಸರು ರೋಮಿನ ಉಪಯಾಜಕರು, ಚರ್ಚಿನ ಬೊಕ್ಕಸ ನೋಡಿಕೊಳ್ಳುತ್ತಿದ್ದವರು. 258ರಲ್ಲಿ ಅಧಿಕಾರಿಗಳು ಸಂಪತ್ತು ಒಪ್ಪಿಸು ಎಂದಾಗ ಊರಿನ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದು, ಇದೇ ನಮ್ಮ ಸಂಪತ್ತು ಅಂದರಂತೆ. ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಕೆಳಗೆ ಬೆಂಕಿ ಹಾಕಿದರು ಅನ್ನುತ್ತದೆ ಐತಿಹ್ಯ. ಅದಕ್ಕೇ ಯಾವ ದೇಶದಲ್ಲಿ ಕೆತ್ತಲಿ, ಗಾಜಿನಲ್ಲಿ ಬರೆಯಲಿ, ಅವರ ಗುರುತು ಆ ಜಾಲರಿ. ಜೊತೆಗೆ ಒಂದು ತಾಳೆಗರಿ. ರೋಮನ್ನರಿಗೆ ಅದು ಗೆಲುವಿನ ಚಿಹ್ನೆ. ಹುತಾತ್ಮರ ಕೈಗೆ ಬಂದದ್ದು ಹಾಗೆ. ತೊಟ್ಟ ಕೆಂಪು ನಿಲುವಂಗಿ ಚೆಲ್ಲಿದ ರಕ್ತ.

ಕೊಂದವರ ಸಲಕರಣೆಯನ್ನೇ ಕೈಗೆ ಕೊಟ್ಟು ಪೂಜಿಸುವುದು ನನಗೆ ಮೊದಲು ಕಸಿವಿಸಿಯೆನಿಸಿತ್ತು. ಶಿಲುಬೆಯೂ ಅದೇ ತಾನೇ? ಇನ್ನೊಂದು ತಮಾಷೆ: ಬೆಂಕಿಯ ಮೇಲೆ ಬೆಂದ ಈ ಸಂತರು ಅಡಿಗೆಯವರ ಪಾಲಕರಂತೆ. ದೇಶಕ್ಕೆಲ್ಲ ಅಡಿಗೆಭಟ್ಟರನ್ನು ಕಳಿಸಿದ ಉಡುಪಿಯ ಮಗ್ಗುಲಲ್ಲೇ ಬಂದು ನೆಲೆಸಿದ್ದಾರೆ ನೋಡು!

ಜನವರಿ ಕೊನೆಗೆ ಅತ್ತೂರು ಸಾಂತ್‌ಮಾರಿ ಜಾತ್ರೆ. ಎಲ್ಲ ಜಾತಿಯವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಆ ನೂಕುನುಗ್ಗಲಿನಲ್ಲಿ ಚಿತ್ರ ಬರೆಯಲಾಗದು. ನೀನು ಡಿಸೆಂಬರಿನಲ್ಲೇ ಬಾ, ಬಣ್ಣದ ಡಬ್ಬಿ ಮರೆಯಬೇಡ. ಕಾರ್ಕಳಕ್ಕೆ ಇಲ್ಲಿಂದ ಬಸ್ಸಿಗೆ ಬರವಿಲ್ಲ.

ನಿನ್ನ ತಮ್ಮ