ದಾದಿಯ ಎಡಗಾಲು
ಇಶಾ ನಮಾಝ್ ಮುಗಿದ ಮೇಲೆ ದಾದಿಯ ಕಾಲು ಒತ್ತುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಅಮ್ಮಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಕೊಡುತ್ತಾರೆ. ನಿಜ ಹೇಳಬೇಕೆಂದರೆ, ಮರುದಿನ ಅಕೌಂಟೆನ್ಸಿ ಟೆಸ್ಟ್ ಇದ್ದರೆ ನಾನು ಗಡಿಯಾರ ನೋಡುತ್ತಲೇ ಒತ್ತುತ್ತಿದ್ದೆ. ದಾದಿಗೆ ಅದು ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತಿತ್ತು.

ಮಾಲಿಶ್‌ನಿಂದ ಅವರ ಮಂಡಿ ಸವೆತ ವಾಸಿಯಾಗುವುದಿಲ್ಲ. ಆದರೆ ಹತ್ತು ನಿಮಿಷದಲ್ಲಿ ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ಸ್ವಲ್ಪ ಹೊತ್ತು ತಗ್ಗುತ್ತದೆ, ಮಾತು ನಿಧಾನವಾಗಿ ನಿದ್ದೆಗೆ ತಿರುಗುತ್ತದೆ. ಕಾಲಾದ ಮೇಲೆ ತಲೆಗೆ ಚಂಪಿ. ಇಂಗ್ಲಿಷಿನ ಶಾಂಪೂ ಪದ ಹುಟ್ಟಿದ್ದು ‘ಒತ್ತು’ ಎಂಬ ಅರ್ಥದ ನಮ್ಮ ‘ಚಾಂಪೋ’ದಿಂದ. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಮಾಲಿಶ್ ಮಾಡುವ ಸ್ನಾನಗೃಹ ನಡೆಸಿ, 1822ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಇದನ್ನು ಹೇಳಿದಾಗ ದಾದಿ ನಕ್ಕು, “ಅವರ ಮನೆಯಲ್ಲೂ ಒಬ್ಬಳು ದಾದಿ ಇದ್ದಿರಬೇಕು” ಎಂದರು.

ಕಳೆದ ಡಿಸೆಂಬರ್‌ನಲ್ಲಿ ಹೈದರಾಬಾದಿನ ಮದುವೆ ಮುಗಿಸಿ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದೆವು. ಎರಡನೇ ದಿನ ದಾದಿ, “ಎಡಗಾಲು ಹಿಡಿದುಕೊಂಡಿದೆ, ಇವತ್ತು ಜೋರಾಗಿ ಒತ್ತು ಬೇಟಾ” ಎಂದರು. ಬಲಗಾಲು ಮುಗಿಸಿ ಎಡಗಾಲಿಗೆ ಕೈ ಇಟ್ಟೆ. ಮೀನಖಂಡ ಊದಿತ್ತು, ಬಿಸಿಯಾಗಿತ್ತು. ದಿನವೂ ಮುಟ್ಟುವ ಕಾಲು ಅದಲ್ಲ ಅನ್ನಿಸಿತು. ಅಮ್ಮಿಯನ್ನು ಕೂಗಿದೆ. ಪಕ್ಕದ ಮನೆಯ ಖಾಲಾ ಬಂದು, “ಬಸ್ಸಿನ ಆಯಾಸ, ಎಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕಿ” ಎಂದರು. ಅಬ್ಬಾ ಕೇಳಲಿಲ್ಲ, ಆಟೋ ತಂದರು.

ಸ್ಕ್ಯಾನಿಂಗ್‌ನಲ್ಲಿ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: “ಮಾಲಿಶ್ ಮಾಡಿದ್ರಾ?” ಒತ್ತಿದರೆ ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದಂತೆ, ಜೀವಕ್ಕೇ ಅಪಾಯವಂತೆ. ಒಂದೇ ಕಾಲು ಊದಿ, ನೋವು, ಬಿಸಿ ಇದ್ದರೆ ಒತ್ತಬಾರದು, ತಡಮಾಡದೆ ಆಸ್ಪತ್ರೆಗೆ ಬರಬೇಕು ಎಂದರು. ನಾನು ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದೆ. ಬೆರಳಿನಲ್ಲಿ ಇನ್ನೂ ಬೆಳ್ಳುಳ್ಳಿ ವಾಸನೆ ಇತ್ತು. ಟೆಸ್ಟ್ ಇದ್ದ ದಿನವಾಗಿದ್ದರೆ ಗಡಿಯಾರ ನೋಡುತ್ತಾ ಒತ್ತಿಬಿಡುತ್ತಿದ್ದೆನೋ ಏನೋ.

ದಾದಿ ಈಗ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕಾಲು ಮುಟ್ಟುವ ಹಾಗಿಲ್ಲ. ಡಾಕ್ಟರನ್ನು ಕೇಳಿಕೊಂಡು ಅಂಗೈಯನ್ನಷ್ಟೇ ಮೆಲ್ಲಗೆ ಸವರುತ್ತೇನೆ. ಆ ಮದುವೆಯ ಬಿರಿಯಾನಿಗೆ ಉಪ್ಪು ಕಡಿಮೆಯಾಗಿತ್ತು ಎಂಬ ಕಥೆಯನ್ನು ನಿನ್ನೆ ರಾತ್ರಿ ನಾಲ್ಕನೇ ಸಲ ಪೂರ್ತಿ ಕೇಳಿದೆ.