ಎಣ್ಣೆಗೆ ಕೆಳಗೆ ಅಂದ್ರೆ ಎಲ್ಲಿ?

ಸಂಪ್ ಅಂದ ತಕ್ಷಣ ನಮಗೆ ನೆನಪಾಗೋದು ಮನೆ ಮುಂದಿನ ನೀರಿನ ಸಂಪು. ಎಂಜಿನ್ನಿನ ಸಂಪ್ ಕೂಡ ಹೆಚ್ಚುಕಮ್ಮಿ ಅದೇ. ತಳದಲ್ಲಿ ಎಣ್ಣೆ ನಿಂತಿರುತ್ತೆ, ಪಂಪ್ ಅದನ್ನು ಎಳೆದು ಬೇರಿಂಗ್‌ಗಳಿಗೆ ಕಳಿಸುತ್ತೆ, ಕೆಲಸ ಮುಗಿಸಿದ ಎಣ್ಣೆ ಸೋರಿ ಮತ್ತೆ ತಳಕ್ಕೆ ಬರುತ್ತೆ. ಇದು ವೆಟ್ ಸಂಪ್. ಈ ವರ್ಷ ನಮ್ಮ ಫಾರ್ಮುಲಾ ಸ್ಟೂಡೆಂಟ್ ಟೀಮಿನ ನಿದ್ದೆ ಕೆಡಿಸಿರೋದು ಇದೇ.

ನಿಯಮದ ಪ್ರಕಾರ ಎಂಜಿನ್ 710 ಸಿಸಿ ಮೀರಬಾರದು. ಹಾಗಾಗಿ ಎಲ್ಲರೂ ಬೈಕ್ ಎಂಜಿನ್ನೇ ಹುಡುಕ್ತಾರೆ. ನಾವು ತಂದಿದ್ದು ಹೋಂಡಾ ಸಿಬಿಆರ್600ಆರ್‌ಆರ್‌ನ 599 ಸಿಸಿ ಎಂಜಿನ್, ಸೆಕೆಂಡ್ ಹ್ಯಾಂಡ್. ಬಜೆಟ್ಟಿನ ದೊಡ್ಡ ಪಾಲು ಅದಕ್ಕೇ ಹೋಯ್ತು, ಇನ್ನೊಂದು ಕೊಳ್ಳೋ ಮಾತೇ ಇಲ್ಲ. ಬೈಕಿನಲ್ಲಿ ಎಂಜಿನ್ ಕೆಳಗೆ ಜಾಗ ಧಾರಾಳ, ಆದ್ದರಿಂದ ಆಯಿಲ್ ಪ್ಯಾನ್ ಆಳವಾಗಿದೆ. ನಮ್ಮ ಕಾರಿನ ಹೊಟ್ಟೆಗೂ ನೆಲಕ್ಕೂ 30 ಮಿ.ಮೀ. ಅಂತರ ಇದ್ದರೆ ಸಾಕು. ಆಳದ ಪ್ಯಾನ್ ಇಟ್ಟುಕೊಂಡರೆ ಇಡೀ ಎಂಜಿನ್ ಎತ್ತರದಲ್ಲಿ ಕೂರಬೇಕು, ಜೊತೆಗೆ ಸೆಂಟರ್ ಆಫ್ ಗ್ರಾವಿಟಿಯೂ ಮೇಲೇರುತ್ತೆ.

ಪ್ಯಾನ್ ಕತ್ತರಿಸಿ ಚಪ್ಪಟೆ ಮಾಡಿದರಾಯ್ತಲ್ಲ? ಇಲ್ಲೇ ಮಜಾ ಇರೋದು.

ಬೈಕ್ ತಿರುವಿನಲ್ಲಿ ವಾಲುತ್ತೆ. ವಾಲಿದಾಗ ಗುರುತ್ವ ಮತ್ತು ತಿರುವಿನ ತಳ್ಳುವಿಕೆ ಸೇರಿ ಎಣ್ಣೆಯನ್ನು ಪ್ಯಾನಿನ ತಳಕ್ಕೇ ಒತ್ತುತ್ತವೆ. ಎಣ್ಣೆಗೆ ತಾನು ತಿರುವಿನಲ್ಲಿದ್ದೀನಿ ಅಂತಲೇ ಗೊತ್ತಾಗಲ್ಲ! ಕಾರು ವಾಲಲ್ಲ. 1.5 ಜಿ ತಿರುವಿನಲ್ಲಿ ಎಣ್ಣೆಯ ಮೇಲ್ಮೈ ಸುಮಾರು 56 ಡಿಗ್ರಿ ಓರೆಯಾಗುತ್ತೆ, ಅಂದ್ರೆ ಪ್ಯಾನಿನ ಗೋಡೆ ಹತ್ತಿ ಕೂರುತ್ತೆ. ಪಿಕಪ್ ಪೈಪ್ ಬಾಯಿಗೆ ಸಿಗೋದು ಗಾಳಿ. ನೀರು ತಳ ಕಂಡಾಗ ಪಂಪ್‌ಸೆಟ್ ಗಾಳಿ ಎಳೆಯುತ್ತಲ್ಲ, ಹಾಗೆ. ಪ್ಯಾನ್ ಚಪ್ಪಟೆಯಾದಷ್ಟೂ ಇದು ಬೇಗ ಆಗುತ್ತೆ.

ಕ್ರ್ಯಾಂಕ್‌ಶಾಫ್ಟ್ ಬೇರಿಂಗ್‌ನಲ್ಲಿ ಬಾಲ್ ಇಲ್ಲ, ರೋಲರ್ ಇಲ್ಲ. ಲೋಹಕ್ಕೂ ಲೋಹಕ್ಕೂ ನಡುವೆ ಕೆಲವೇ ಮೈಕ್ರಾನ್ ದಪ್ಪದ ಎಣ್ಣೆ ಪದರ, ಅಷ್ಟೇ. 11,000 ಆರ್‌ಪಿಎಂನಲ್ಲಿ ಒಂದು ಸೆಕೆಂಡ್ ಎಣ್ಣೆ ತಪ್ಪಿದ್ರೆ 180ಕ್ಕೂ ಹೆಚ್ಚು ಸುತ್ತು ಒಣಗಿದ ಬೇರಿಂಗ್ ಮೇಲೆ. ಸೀನಿಯರ್ಸ್ ಎಂಜಿನ್ ಸೀಜ್ ಆದಾಗ ತೆಗೆದ ಬೇರಿಂಗ್ ಶೆಲ್ ವರ್ಕ್‌ಶಾಪ್ ಕಪಾಟಿನಲ್ಲಿದೆ, ತಾಮ್ರದ ಬಣ್ಣ ಕಾಣೋವರೆಗೂ ಸವೆದಿದೆ. ಆ ವರ್ಷ ಅವರು ಎಂಡ್ಯೂರೆನ್ಸ್ ಓಡಲೇ ಇಲ್ಲ.

ಟೀಮ್ ಎರಡಾಯ್ತು. ಒಂದು ಗುಂಪು ಅಂತು, ಚಪ್ಪಟೆ ಪ್ಯಾನ್ ಒಳಗೆ ತಡೆಗೋಡೆ ಹಾಕೋಣ, ಎಣ್ಣೆ ಒಳಗೆ ಬರೋಕೆ ಮಾತ್ರ ಬಿಡೋ ಸಣ್ಣ ಬಾಗಿಲು ಇಡೋಣ. ಅಗ್ಗ, ಹಗುರ. ಇನ್ನೊಂದು ಗುಂಪಿಗೆ ಡ್ರೈ ಸಂಪೇ ಬೇಕು. ಅದು ನಮ್ಮ ಮನೆಗಳ ಓವರ್‌ಹೆಡ್ ಟ್ಯಾಂಕ್ ಲೆಕ್ಕ. ತಳದಲ್ಲಿ ಎಣ್ಣೆ ನಿಲ್ಲೋದೇ ಇಲ್ಲ, ಬಿದ್ದಿದ್ದನ್ನು ಬಿದ್ದ ಹಾಗೇ ಸ್ಕ್ಯಾವೆಂಜ್ ಪಂಪ್ ಎಳೆದು ಬೇರೆ ಟ್ಯಾಂಕಿಗೆ ಹಾಕುತ್ತೆ. ಟ್ಯಾಂಕ್ ಉದ್ದ, ಸಪೂರ. ಎಷ್ಟೇ ಓರೆಯಾದ್ರೂ ತಳದ ಪೈಪ್ ಎಣ್ಣೆಯಲ್ಲೇ ಮುಳುಗಿರುತ್ತೆ. 1954ರ ಜಾಗ್ವಾರ್ ಡಿ-ಟೈಪ್ ಇದರಿಂದಲೇ ತನ್ನ ಉದ್ದನೆಯ ಎಂಜಿನ್ನನ್ನು ತಗ್ಗಿಸಿ ಕೂರಿಸ್ತು.

ಆದ್ರೆ ಟ್ಯಾಂಕಿಗೂ ಜಾಗ ಬೇಕಲ್ಲ? ಡ್ರೈ ಸಂಪ್ ಜಾಗ ಉಳಿಸಲ್ಲ, ಜಾಗದ ಜಗಳವನ್ನು ಬೇರೆ ಕಡೆ ಸಾಗಿಸುತ್ತೆ. ಪೋರ್ಷೆಯವರು 1972ರ 911ರಲ್ಲಿ ಆಯಿಲ್ ಟ್ಯಾಂಕನ್ನು ಹಿಂದಿನ ಚಕ್ರದ ಮುಂದಕ್ಕೆ ತಂದು, ಬಾಡಿ ಮೇಲೆ ಹೊರಗಿನಿಂದಲೇ ತೆಗೆಯೋ ಮುಚ್ಚಳ ಇಟ್ಟರು. ಬಂಕ್ ಹುಡುಗರು ಅದರೊಳಗೆ ಪೆಟ್ರೋಲ್ ಹಾಕ್ತಿದ್ದರಂತೆ. ಮುಂದಿನ ವರ್ಷವೇ ಆ ಮುಚ್ಚಳ ಮಾಯ.

ನಮ್ಮಲ್ಲಿ ಎಂಜಿನ್ ಮುಂದೆ ಎಕ್ಸಾಸ್ಟ್ ಪೈಪುಗಳ ಕೆಂಡ, ಎಡಕ್ಕೆ ಚೈನ್. ಉಳಿದಿದ್ದು ಬಲಗಡೆ ಹಿಂದೆ, ಕ್ಲಚ್ ಕವರ್ ಆಚೆ ಒಂದು ಸಂದಿ. ಹಾರ್ಡ್‌ವೇರ್ ಅಂಗಡಿಯಿಂದ ನಾಲ್ಕಿಂಚಿನ ಪಿವಿಸಿ ಪೈಪ್ ತಂದು ನಿಲ್ಲಿಸಿ ನೋಡಿದ್ವಿ. ಕೂತ್ಕೊಳ್ತು. ಅಲ್ಲಿಗೆ ವಾದವೂ ನಿಂತ್ಹೋಯ್ತು, ಡ್ರೈ ಸಂಪೇ ಗೆದ್ದಿತು. ಎಣ್ಣೆಯನ್ನು ಟ್ಯಾಂಕಿನ ಒಳಗೋಡೆಗೆ ತಾಗಿಸಿ ಸುತ್ತಿಸುತ್ತಾ ಇಳಿಸಬೇಕು, ಇಲ್ಲಾಂದ್ರೆ ಅದರಲ್ಲಿ ಬೆರೆತ ಗಾಳಿ ಬಿಡಲ್ಲ, ಫಿಲ್ಟರ್ ಕಾಫಿ ನೊರೆ ಥರ ಹಾಗೇ ಪಂಪಿಗೆ ಹೋಗುತ್ತೆ. ಆ ಒಳಪೈಪಿನ ಕೋನ ನೋಡೋಕೆ ಬಕೆಟ್ ನೀರು, ಅಕ್ವೇರಿಯಂ ಪಂಪು ಇಟ್ಟುಕೊಂಡು ಮೂರು ಸಂಜೆ ಕಳೆದಿದೀವಿ.

ಒಂದೇ ತೊಡಕು. ಟ್ಯಾಂಕಿನ ಕತ್ತು ಚಾಸಿಯ ಒಂದು ಅಡ್ಡ ಟ್ಯೂಬಿಗೆ ತಾಗುತ್ತೆ. 12 ಮಿ.ಮೀ. ಸರಿಸಿ ಅಂತ ಚಾಸಿ ಟೀಮಿಗೆ ಕೇಳಿದೀವಿ. ಅವರಿನ್ನೂ ನಮ್ಮ ಫೋನ್ ತೆಗೀತಿಲ್ಲ.